ಉಸಿರಾಟದ ಹಾಗೂ ನಿರ್ನಾಳ ಗ್ರಂಥಿಗಳ ಕಾಯಿಲೆಯುಳ್ಳವರ ಶುಶ್ರೂಷೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಆಸ್ಪತ್ರೆಗಳಲ್ಲಿ ಮೆಡಿಕಲ್ ವಾರ್ಡ್‌ನ ಡ್ಯೂಟಿಗೆ ಹೊಸದಾಗಿ ಬಂದಿರುವ ಶುಶ್ರೂಷಾಧಿಕಾರಿಗಳು, ನರ್ಸಿಂಗ್ ವಿದ್ಯಾರ್ಥಿಗಳು ಮತ್ತು ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಔಷಧವನ್ನೂ ಅದರ ಪ್ರಮಾಣವನ್ನೂ ನಿರ್ಧರಿಸುವುದು ವೈದ್ಯರ ಕೆಲಸ. ಆ ನಿರ್ಧಾರಕ್ಕೆ ಬೇಕಾದ ಮಾಹಿತಿಯನ್ನು ಹೊತ್ತು ಮೀರುವ ಮೊದಲೇ ಒದಗಿಸುವುದು ಹಾಸಿಗೆಯ ಪಕ್ಕದಲ್ಲಿ ನಿಂತ ನಮ್ಮ ಕೆಲಸ.

ಶ್ವಾಸಕೋಶದ ಕಾಯಿಲೆಗೂ ಸಕ್ಕರೆ ಕಾಯಿಲೆ, ಥೈರಾಯ್ಡ್‌ಗಳಿಗೂ ಏನು ಸಂಬಂಧ? ಇವೆರಡನ್ನು ಒಟ್ಟಿಗೆ ಏಕೆ ಕಲಿಯಬೇಕು?

ಪಠ್ಯಪುಸ್ತಕದಲ್ಲಿ ಇವು ಬೇರೆ ಬೇರೆ ಅಧ್ಯಾಯಗಳು, ಆದರೆ ವಾರ್ಡ್‌ನಲ್ಲಿ ಇವು ಒಂದೇ ಹಾಸಿಗೆಯ ಮೇಲೆ ಮಲಗಿರುತ್ತವೆ. ಮಳೆಗಾಲದಲ್ಲಿ ಸಕಲೇಶಪುರ, ಮೂಡಿಗೆರೆ, ಕೊಪ್ಪ ಕಡೆಯಿಂದ ದಮ್ಮು ಹೆಚ್ಚಾಗಿ ಬರುವ ಹಿರಿಯರನ್ನು ನೋಡಿ: ದಶಕಗಳ ಕಾಲ ಸೌದೆ ಒಲೆಯ ಹೊಗೆ ಕುಡಿದ ಅಜ್ಜಿಗೆ ಸಕ್ಕರೆ ಕಾಯಿಲೆಯೂ ಇರುತ್ತದೆ, ಬೀಡಿ ಸೇದುತ್ತಿದ್ದ ಅಜ್ಜನಿಗೆ ಶುಗರ್ ಮಾತ್ರೆಯ ಜೊತೆಗೆ ಬಿ.ಪಿ. ಮಾತ್ರೆಯೂ ನಡೆಯುತ್ತಿರುತ್ತದೆ. ಉಸಿರಾಟಕ್ಕೆಂದು ಕೊಡುವ ಸ್ಟೀರಾಯ್ಡ್ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಏರಿದ ಸಕ್ಕರೆ ನ್ಯುಮೋನಿಯಾ, ಕ್ಷಯದಂತಹ ಸೋಂಕುಗಳಿಗೆ ದಾರಿ ಮಾಡಿಕೊಡುತ್ತದೆ. ಸೋಂಕು ತಗುಲಿದರೆ ಸಕ್ಕರೆ ಮತ್ತೆ ಏರುತ್ತದೆ. ಒಂದಕ್ಕೆ ಚಿಕಿತ್ಸೆ ನಡೆಯುವಾಗ ಇನ್ನೊಂದು ಕೈತಪ್ಪಿ ಹೋಗುವುದನ್ನು ಮೊದಲು ಕಾಣಬೇಕಾದವರು ನರ್ಸ್. ಆದ್ದರಿಂದ ಉಸಿರಿನ ಗತಿ, ಆಮ್ಲಜನಕದ ಪ್ರಮಾಣ ಮತ್ತು ಸಕ್ಕರೆಯ ಅಂಕಿ ಮೂರನ್ನೂ ಒಂದೇ ಚಾರ್ಟ್‌ನಲ್ಲಿ, ಒಂದರ ಕೆಳಗೊಂದು ಕಾಣುವಂತೆ ಬರೆಯುವುದು ಒಳ್ಳೆಯದು.

ಉಬ್ಬಸದ ರೋಗಿ ವಾರ್ಡ್‌ಗೆ ಬಂದ ಕೂಡಲೇ ಮೊದಲು ಏನನ್ನು ಗಮನಿಸಬೇಕು?

ರೋಗಿಯ ಮಾತನ್ನು ಗಮನಿಸಿ. ಒಂದು ಪೂರ್ತಿ ವಾಕ್ಯವನ್ನು ಒಂದೇ ಉಸಿರಿನಲ್ಲಿ ಹೇಳಲಾಗದೆ ಎರಡೆರಡು ಪದಕ್ಕೆ ನಿಲ್ಲುತ್ತಿದ್ದರೆ ಉಬ್ಬಸ ತೀವ್ರವಾಗಿದೆ ಎಂದೇ ಅರ್ಥ. ಬೇರೆ ಪ್ರಶ್ನೆಗಳನ್ನೆಲ್ಲ ಜೊತೆಗೆ ಬಂದವರಿಗೆ ಕೇಳಿ, ರೋಗಿಯನ್ನು ಮಾತನಾಡಿಸಿ ದಣಿಸಬೇಡಿ. ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ವಯಸ್ಕರಲ್ಲಿ ನಿಮಿಷಕ್ಕೆ 12ರಿಂದ 20 ಸಹಜ, 25 ದಾಟಿದರೆ ಡ್ಯೂಟಿ ಡಾಕ್ಟರಿಗೆ ತಕ್ಷಣ ತಿಳಿಸಬೇಕು. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಅಭ್ಯಾಸ ಎಲ್ಲೆಡೆ ಇದೆ. ಏರುಪೇರಾಗಿ ಉಸಿರಾಡುವವರಲ್ಲಿ ಅದು ತಪ್ಪು ಲೆಕ್ಕ ಕೊಡುತ್ತದೆ. ಕುತ್ತಿಗೆಯ ಸ್ನಾಯುಗಳು ಎಳೆದುಕೊಳ್ಳುತ್ತಿವೆಯೇ, ಪಕ್ಕೆಲುಬುಗಳ ನಡುವೆ ಒಳಸರಿಯುತ್ತಿದೆಯೇ, ತುಟಿ ನೀಲಿಗಟ್ಟಿದೆಯೇ ಎಂದು ನೋಡಿ.

ಹೊಸಬರು ಮೋಸ ಹೋಗುವ ಒಂದು ಸಂಗತಿಯನ್ನು ಇಲ್ಲಿ ಒತ್ತಿ ಹೇಳಬೇಕು. ಸುಯ್‌ಗುಡುವ ಸದ್ದು ನಿಂತಿತೆಂದರೆ ರೋಗಿ ಸುಧಾರಿಸಿದರು ಎಂದು ಭಾವಿಸಬಾರದು. ಶ್ವಾಸನಾಳ ತೀರಾ ಬಿಗಿದು ಗಾಳಿಯೇ ಆಡದಿದ್ದಾಗಲೂ ಎದೆ ಮೌನವಾಗುತ್ತದೆ. ಇಷ್ಟು ಹೊತ್ತು ಒದ್ದಾಡುತ್ತಿದ್ದವರು ಸದ್ದಡಗಿ ಮಂಪರಿಗೆ ಜಾರಿದರೆ ಅದು ಜೀವಕ್ಕೆ ಅಪಾಯದ ಗಳಿಗೆ.

ರೋಗಿಯನ್ನು ಬೆನ್ನೊರಗಿಸಿ ನೆಟ್ಟಗೆ ಕೂರಿಸಿ, ಅಥವಾ ಮುಂದಿನ ಮೇಜಿನ ಮೇಲೆ ದಿಂಬಿಟ್ಟು ಅದಕ್ಕೆ ಮೊಣಕೈ ಊರಿ ಬಾಗಲು ಬಿಡಿ. ಪಲ್ಸ್ ಆಕ್ಸಿಮೀಟರ್ ಹಾಕುವ ಮೊದಲು ಬೆರಳನ್ನು ಉಜ್ಜಿ ಬೆಚ್ಚಗೆ ಮಾಡಿ, ಉಗುರಿನ ಬಣ್ಣವನ್ನು ಅಳಿಸಿ. ಮಲೆನಾಡಿನ ಜುಲೈ ಚಳಿಯಲ್ಲಿ ನೆನೆದು ಬಂದವರ ತಣ್ಣನೆಯ ಬೆರಳಿನಲ್ಲಿ ಯಂತ್ರ ಸರಿಯಾದ ಅಂಕಿ ತೋರಿಸುವುದಿಲ್ಲ. ಕಪ್ಪು ಮೈಬಣ್ಣದವರಲ್ಲಿ ಅದು ಇರುವುದಕ್ಕಿಂತ ತುಸು ಹೆಚ್ಚು ತೋರಿಸುವುದೂ ಉಂಟು. ಅಂಕಿಯೂ ರೋಗಿಯ ಸ್ಥಿತಿಯೂ ಹೊಂದದಿದ್ದಾಗ ರೋಗಿಯನ್ನು ನಂಬಬೇಕು.

ಸಿಒಪಿಡಿ (ಶ್ವಾಸನಾಳಗಳು ಕಿರಿದಾಗಿ ಬಹುಕಾಲ ಕಾಡುವ ಶ್ವಾಸಕೋಶದ ಕಾಯಿಲೆ) ರೋಗಿಗೆ ಆಕ್ಸಿಜನ್ ಹೆಚ್ಚು ಕೊಟ್ಟರೆ ಅಪಾಯ ಎನ್ನುತ್ತಾರೆ. ಹಾಗಾದರೆ ಎಷ್ಟು ಕೊಡಬೇಕು?

ಹೆಚ್ಚಿನ ರೋಗಿಗಳಲ್ಲಿ ರಕ್ತದ ಆಮ್ಲಜನಕವನ್ನು ಶೇ 94ರಿಂದ 98ರ ನಡುವೆ ಇರಿಸಬೇಕು. ಬಹುಕಾಲದಿಂದ ಸಿಒಪಿಡಿ ಇದ್ದು ಇಂಗಾಲದ ಡೈಆಕ್ಸೈಡ್ ಒಳಗೇ ಉಳಿಯುವ ಸಂಭವವಿರುವವರಲ್ಲಿ ಗುರಿ ಶೇ 88ರಿಂದ 92. ಇಂಥವರಿಗೆ ಧಾರಾಳವಾಗಿ ಆಕ್ಸಿಜನ್ ಹರಿಸಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ, ತಲೆನೋವು, ಮಂಪರು, ಕೈ ಚಾಚಿದಾಗ ಅಂಗೈ ಪಟಪಟನೆ ಬಡಿದಂತಾಗುವ ನಡುಕ ಕಾಣಿಸಿಕೊಂಡು ಕೊನೆಗೆ ಪ್ರಜ್ಞೆ ತಪ್ಪಬಹುದು. ಆದ್ದರಿಂದ ಮೂಗಿನ ನಳಿಕೆಯಲ್ಲಿ ನಿಮಿಷಕ್ಕೆ 1ರಿಂದ 2 ಲೀಟರ್, ಅಥವಾ ಶೇ 24 ಇಲ್ಲವೇ 28ರ ವೆಂಚುರಿ ಮಾಸ್ಕ್‌ನಿಂದ (ನಿಗದಿತ ಪ್ರಮಾಣದ ಆಕ್ಸಿಜನ್ ಕೊಡುವ ಮುಖವಾಡ) ಆರಂಭಿಸಿ ಅಂಕಿ ನೋಡಿಕೊಂಡು ಹೊಂದಿಸಲಾಗುತ್ತದೆ.

ಈ ಎಚ್ಚರಿಕೆಯನ್ನು ಅತಿಗೆ ಒಯ್ಯುವುದೂ ತಪ್ಪೇ. ಶೇ 78 ಇರುವ ರೋಗಿಗೆ ಸಿಒಪಿಡಿ ಎಂಬ ಕಾರಣಕ್ಕೆ ಆಕ್ಸಿಜನ್ ಕೊಡಲು ಹಿಂಜರಿದರೆ ಆಮ್ಲಜನಕದ ಕೊರತೆಯೇ ಮೊದಲು ಜೀವ ತೆಗೆಯುತ್ತದೆ. ಹಾಗೆಯೇ, ಹೆಚ್ಚು ಹರಿಯುತ್ತಿದೆ ಎಂದು ಗೊತ್ತಾದಾಗ ಮಾಸ್ಕ್ ಅನ್ನು ಒಮ್ಮೆಲೇ ತೆಗೆಯಬಾರದು, ಹಂತಹಂತವಾಗಿ ಇಳಿಸಬೇಕು. ನೆಬುಲೈಸೇಶನ್ (ಔಷಧವನ್ನು ಮಂಜಿನಂತೆ ಮಾಡಿ ಉಸಿರಿನಲ್ಲಿ ಕೊಡುವುದು) ಅನ್ನು ಸಾಧ್ಯವಿದ್ದಲ್ಲಿ ಗಾಳಿಯ ಕಂಪ್ರೆಸರ್‌ನಿಂದಲೇ ಕೊಡಿ. ಆಕ್ಸಿಜನ್ ಬಿಟ್ಟು ಬೇರೆ ದಾರಿಯಿಲ್ಲದಿದ್ದರೆ ಆರು ನಿಮಿಷಕ್ಕೆ ನಿಲ್ಲಿಸಿ ಮೊದಲಿನ ಪ್ರಮಾಣಕ್ಕೆ ಮರಳಿ.

ಇನ್ಹೇಲರ್ ಕೊಟ್ಟರೂ ಗುಣ ಕಾಣುತ್ತಿಲ್ಲ ಎನ್ನುವವರಿಗೆ ಏನು ಹೇಳಬೇಕು?

ಹೇಳುವ ಮೊದಲು ಅವರ ಕೈಗೆ ಇನ್ಹೇಲರ್ ಕೊಟ್ಟು ಎಳೆದು ತೋರಿಸಲು ಕೇಳಿ. ಬಹಳ ಸಲ ಔಷಧ ನಾಲಿಗೆಯ ಮೇಲೆಯೇ ಕೂತಿರುತ್ತದೆ. ಪಫ್ ಇರುವ ಇನ್ಹೇಲರನ್ನು ಕುಲುಕಿ, ಉಸಿರನ್ನು ಪೂರ್ತಿ ಹೊರಬಿಟ್ಟು, ತುಟಿ ಬಿಗಿಹಿಡಿದು, ಒತ್ತುತ್ತಲೇ ನಿಧಾನವಾಗಿ ಆಳವಾಗಿ ಎಳೆದು, ಹತ್ತು ಸೆಕೆಂಡು ಉಸಿರು ಹಿಡಿಯಬೇಕು. ಎರಡನೇ ಪಫ್‌ಗೆ ಅರ್ಧದಿಂದ ಒಂದು ನಿಮಿಷ ಬಿಡಬೇಕು. ಒತ್ತುವುದಕ್ಕೂ ಎಳೆಯುವುದಕ್ಕೂ ಹೊಂದಿಕೆಯಾಗದ ಹಿರಿಯರಿಗೂ ಮಕ್ಕಳಿಗೂ ಸ್ಪೇಸರ್ (ಇನ್ಹೇಲರ್‌ಗೂ ಬಾಯಿಗೂ ನಡುವೆ ಜೋಡಿಸುವ ಟೊಳ್ಳು ಕೊಳವೆ) ಬೇಕೇ ಬೇಕು. ಪುಡಿಯ ಕ್ಯಾಪ್ಸೂಲ್ ಹಾಕುವ ಸಾಧನದ ರೀತಿಯೇ ಬೇರೆ, ಅದನ್ನು ಜೋರಾಗಿ, ವೇಗವಾಗಿ ಎಳೆಯಬೇಕು, ಅದರೊಳಕ್ಕೆ ಉಸಿರು ಬಿಡಬಾರದು. ಒಂದು ಸಾಧನದ ರೀತಿಯನ್ನು ಇನ್ನೊಂದಕ್ಕೆ ಬಳಸಿದರೆ ಎರಡೂ ಕೆಲಸ ಮಾಡುವುದಿಲ್ಲ. ಸ್ಟೀರಾಯ್ಡ್ ಇರುವ ಇನ್ಹೇಲರ್ ಆದರೆ ಪ್ರತಿ ಸಲವೂ ಬಾಯಿ ಮುಕ್ಕಳಿಸಿ ಉಗುಳಬೇಕು. ಸಕ್ಕರೆ ಕಾಯಿಲೆ ಇರುವವರ ಬಾಯಲ್ಲಿ ಬಿಳಿಯ ಬೂಷ್ಟಿನ ಸೋಂಕು ಇನ್ನೂ ಬೇಗ ಬರುತ್ತದೆ.

ಇನ್ಹೇಲರ್ ಹಿಡಿದರೆ ಚಟವಾಗುತ್ತದೆ ಎಂಬ ಭಯ ನಮ್ಮ ಹಳ್ಳಿಗಳಲ್ಲಿ ಆಳವಾಗಿದೆ. ಮದುವೆಯ ಮಾತುಕತೆ ನಡೆಯುತ್ತಿರುವ ಹೆಣ್ಣುಮಕ್ಕಳು ಅದನ್ನು ಮುಚ್ಚಿಟ್ಟು ಉಬ್ಬಸ ಹೆಚ್ಚಿಸಿಕೊಂಡು ಬರುತ್ತಾರೆ. ನುಂಗುವ ಮಾತ್ರೆಗಿಂತ ತೀರಾ ಕಡಿಮೆ ಪ್ರಮಾಣದ ಔಷಧ ನೇರವಾಗಿ ಶ್ವಾಸನಾಳಕ್ಕೆ ತಲುಪುವುದರಿಂದ ಇದೇ ಸುರಕ್ಷಿತ ದಾರಿ ಎಂಬುದನ್ನು ಮನೆಯ ಹಿರಿಯರಿಗೂ ಕೂರಿಸಿಕೊಂಡು ವಿವರಿಸಬೇಕು.

ಸ್ಟೀರಾಯ್ಡ್ ಆರಂಭಿಸಿದ ರೋಗಿಯ ಸಕ್ಕರೆಯನ್ನು ಯಾವಾಗ ನೋಡಬೇಕು? ಬೆಳಗಿನ ಅಂಕಿ ಸರಿಯಾಗಿಯೇ ಇದೆಯಲ್ಲ?

ಎಡವುವುದು ಇಲ್ಲಿಯೇ. ಬೆಳಿಗ್ಗೆ ಕೊಟ್ಟ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್‌ನ ಪರಿಣಾಮ ಸಕ್ಕರೆಯ ಮೇಲೆ ಮಧ್ಯಾಹ್ನದಿಂದ ಸಂಜೆಯವರೆಗೆ ಹೆಚ್ಚಾಗಿ ಕಾಣುತ್ತದೆ, ರಾತ್ರಿ ಕಳೆಯುವಷ್ಟರಲ್ಲಿ ಇಳಿಯುತ್ತದೆ. ಖಾಲಿ ಹೊಟ್ಟೆಯ ಒಂದೇ ಅಂಕಿ ನೋಡಿ ಸಕ್ಕರೆ ಹತೋಟಿಯಲ್ಲಿದೆ ಎಂದು ಬರೆದರೆ, ಸಂಜೆ ನಾಲ್ಕಕ್ಕೆ 350 ಮುಟ್ಟಿದ್ದು ಯಾರಿಗೂ ತಿಳಿಯುವುದೇ ಇಲ್ಲ. ಮಧ್ಯಾಹ್ನದ ಊಟವಾದ ಎರಡು ಗಂಟೆಗೆ ಮತ್ತು ರಾತ್ರಿ ಊಟಕ್ಕೆ ಮೊದಲು ಪರೀಕ್ಷಿಸುವುದು ಮುಖ್ಯ. ಮೊದಲು ಸಕ್ಕರೆ ಕಾಯಿಲೆ ಇಲ್ಲದವರನ್ನೂ ಪರೀಕ್ಷಿಸಬೇಕು. ಅತಿಯಾದ ಬಾಯಾರಿಕೆ, ಪದೇ ಪದೇ ಮೂತ್ರಕ್ಕೆ ಹೋಗುವುದು ಕಂಡರೆ ಅಂಕಿಗಾಗಿ ಕಾಯದೆ ತಿಳಿಸಿ.

ಸ್ಟೀರಾಯ್ಡ್ ಇಳಿಸುತ್ತ ಬಂದಾಗ ಇನ್ಸುಲಿನ್ ಅನ್ನೂ ಇಳಿಸಬೇಕಾಗುತ್ತದೆ. ಇದನ್ನು ಮರೆತರೆ ಸಕ್ಕರೆ ಕುಸಿಯುತ್ತದೆ. ಸ್ಟೀರಾಯ್ಡ್ ಪ್ರಮಾಣ ಬದಲಾದ ದಿನ ಇನ್ಸುಲಿನ್ ಆದೇಶವೂ ಬದಲಾಗಿದೆಯೇ ಎಂದು ಕೇಸ್ ಶೀಟ್ ನೋಡಿ ವೈದ್ಯರನ್ನು ಕೇಳುವುದು ನರ್ಸ್‌ನ ಜವಾಬ್ದಾರಿ. ಕೇಳಲು ಸಂಕೋಚ ಬೇಡ.

ಇನ್ನೊಂದು ಅಪಾಯವಿದೆ. ಮೂರು ವಾರಕ್ಕಿಂತ ಹೆಚ್ಚು ಕಾಲ ಸ್ಟೀರಾಯ್ಡ್ ನುಂಗಿದವರಲ್ಲಿ, ದೇಹದ ಸ್ವಂತ ಸ್ಟೀರಾಯ್ಡ್ ತಯಾರಿಸುವ ಅಡ್ರಿನಲ್ ಗ್ರಂಥಿ ತನ್ನ ಕೆಲಸವನ್ನೇ ನಿಲ್ಲಿಸಿರಬಹುದು. ದಮ್ಮಿಗೆಂದು ಯಾರೋ ಕೊಟ್ಟ ಹೆಸರಿಲ್ಲದ ಪುಡಿ, ಗುಳಿಗೆಗಳಲ್ಲಿಯೂ ಸ್ಟೀರಾಯ್ಡ್ ಬೆರೆತಿರುವುದುಂಟು. ಅದನ್ನು ತಟಕ್ಕನೆ ಬಿಟ್ಟಾಗ, ಅಥವಾ ಜ್ವರ, ಶಸ್ತ್ರಚಿಕಿತ್ಸೆಯಂತಹ ಒತ್ತಡ ಬಂದಾಗ ರಕ್ತದೊತ್ತಡ ಕುಸಿದು, ವಾಂತಿ, ತೀವ್ರ ನಿಶ್ಶಕ್ತಿ ಕಾಣಿಸಿಕೊಳ್ಳುತ್ತದೆ, ಸಕ್ಕರೆಯೂ ಇಳಿಯುತ್ತದೆ. ಡ್ರಿಪ್ ಕೊಟ್ಟರೂ ಬಿ.ಪಿ. ಏರದಿದ್ದರೆ ಹಿಂದೆ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದರು ಎಂಬ ಪ್ರಶ್ನೆಯನ್ನು ಮನೆಯವರಿಗೆ ಮತ್ತೊಮ್ಮೆ ಕೇಳಿ. ಅವರ ಉತ್ತರದಿಂದಲೇ ಹೈಡ್ರೊಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಸಕಾಲಕ್ಕೆ ಸಿಗಬಹುದು.

ನೆಬುಲೈಸೇಶನ್ ಆದ ಮೇಲೆ ಕೈ ನಡುಗಿ, ಎದೆ ಬಡಿದುಕೊಂಡು, ಬೆವರಿದರೆ ಅದು ಔಷಧದ ಪರಿಣಾಮವೋ, ಶುಗರ್ ಇಳಿದದ್ದೋ?

ನೋಡಿ ಹೇಳಲು ಬರುವುದಿಲ್ಲ. ನೆಬುಲೈಸೇಶನ್‌ನಲ್ಲಿ ಕೊಡುವ, ಶ್ವಾಸನಾಳ ಸಡಿಲಿಸುವ ಸಾಲ್ಬುಟಮಾಲ್ ನಡುಕವನ್ನೂ ಎದೆಬಡಿತವನ್ನೂ ತರುತ್ತದೆ, ಸಕ್ಕರೆ ಇಳಿದಾಗಲೂ ಅವೇ ಲಕ್ಷಣಗಳು. ಸಕ್ಕರೆ ಕಾಯಿಲೆಯ ರೋಗಿಯಲ್ಲಿ ಬೆರಳು ಚುಚ್ಚಿ ನೋಡದೆ ಇದು ನೆಬುಲೈಸೇಶನ್‌ನದು ಎಂದು ಎಂದಿಗೂ ಸಮಾಧಾನ ಹೇಳಬಾರದು. ಸಕ್ಕರೆ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕಡಿಮೆಯಿದ್ದು ರೋಗಿ ಎಚ್ಚರವಾಗಿ ನುಂಗಬಲ್ಲವರಾಗಿದ್ದರೆ 15 ಗ್ರಾಂ ಗ್ಲೂಕೋಸ್ ಪುಡಿಯನ್ನು, ಅಂದರೆ ಸುಮಾರು ಮೂರು ಚಹಾ ಚಮಚವನ್ನು, ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಏರದಿದ್ದರೆ ಮತ್ತೊಮ್ಮೆ ಕೊಡಿ. ಏರಿದ ಮೇಲೆ ಊಟಕ್ಕೆ ತಡವಿದ್ದರೆ ಎರಡು ಬಿಸ್ಕತ್ತೋ ಒಂದು ಇಡ್ಲಿಯೋ ತಿನ್ನಿಸಬೇಕು. ವೊಗ್ಲಿಬೋಸ್, ಅಕಾರ್ಬೋಸ್ ಎಂಬ ಶುಗರ್ ಮಾತ್ರೆ ತೆಗೆದುಕೊಳ್ಳುವವರಿಗೆ ಮನೆಯ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ, ಗ್ಲೂಕೋಸ್ ಪುಡಿಯೇ ಬೇಕು.

ಪ್ರಜ್ಞೆ ಮಂಕಾದವರ ಬಾಯಿಗೆ ಏನನ್ನೂ ಹಾಕಬಾರದು. ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಅವರಿಗೆ ಡೆಕ್ಸ್‌ಟ್ರೋಸ್ ಅನ್ನು ರಕ್ತನಾಳದ ಮೂಲಕವೇ ಕೊಡಬೇಕು. ಗ್ಲಿಬೆನ್‌ಕ್ಲಮೈಡ್, ಗ್ಲಿಮಿಪಿರೈಡ್‌ನಂತಹ ಶುಗರ್ ಮಾತ್ರೆಗಳಿಂದ ಇಳಿದ ಸಕ್ಕರೆ ಒಮ್ಮೆ ಏರಿದರೂ ಮತ್ತೆ ಇಳಿಯಬಹುದಾದ್ದರಿಂದ ಇಂಥವರನ್ನು ಒಂದು ದಿನವಾದರೂ ಗಮನದಲ್ಲಿರಿಸಬೇಕು. ಪ್ರೊಪ್ರನಲಾಲ್‌ನಂತಹ ಬೀಟಾ ಬ್ಲಾಕರ್ ಮಾತ್ರೆ (ಬಿ.ಪಿ., ಹೃದಯದ ತೊಂದರೆಗಳಿಗೆ ಕೊಡುವುದು) ಇಲ್ಲಿ ಎರಡು ರೀತಿಯಲ್ಲಿ ಹಾನಿಕರ: ಉಬ್ಬಸವನ್ನು ಕೆರಳಿಸುತ್ತದೆ, ಸಕ್ಕರೆ ಇಳಿದಾಗಿನ ನಡುಕ, ಎದೆಬಡಿತಗಳನ್ನು ಮರೆಮಾಚುತ್ತದೆ. ಬೆವರು ಮಾತ್ರ ಉಳಿಯುತ್ತದೆ. ಕಾರಣವಿಲ್ಲದೆ ಬೆವರುವವರನ್ನು ಆದ್ದರಿಂದಲೇ ಕಡೆಗಣಿಸಬಾರದು.

ಜೋರಾಗಿ ಉಸಿರಾಡುತ್ತಿದ್ದಾರೆ, ಆದರೆ ಎದೆಯಲ್ಲಿ ಸುಯ್ ಸದ್ದಿಲ್ಲ, ಆಮ್ಲಜನಕವೂ ಶೇ 98 ಇದೆ. ಇದು ಯಾವ ಉಬ್ಬಸ?

ಉಬ್ಬಸವೇ ಅಲ್ಲದಿರಬಹುದು. ಆಳವಾದ, ಬಿಡುವಿಲ್ಲದ ಉಸಿರಾಟ, ಒಣಗಿದ ನಾಲಿಗೆ, ವಾಂತಿ, ಹೊಟ್ಟೆನೋವು, ಉಸಿರಿನಲ್ಲಿ ಕೊಳೆತ ಹಣ್ಣಿನಂಥ ವಾಸನೆ ಇದ್ದರೆ ಸಕ್ಕರೆಯನ್ನೂ ಮೂತ್ರದ ಕೀಟೋನ್ ಅನ್ನೂ (ಇನ್ಸುಲಿನ್ ಸಾಲದೆ ಕೊಬ್ಬು ಕರಗುವಾಗ ಉಂಟಾಗುವ ಆಮ್ಲ) ತಕ್ಷಣ ಪರೀಕ್ಷಿಸಿ. ಇನ್ಸುಲಿನ್ ಕೊರತೆಯಿಂದ ರಕ್ತ ಆಮ್ಲೀಯವಾದಾಗ, ದೇಹ ಆ ಆಮ್ಲವನ್ನು ಇಂಗಾಲದ ಡೈಆಕ್ಸೈಡ್ ರೂಪದಲ್ಲಿ ಹೊರಹಾಕಲು ಹೀಗೆ ಉಸಿರಾಡುತ್ತದೆ. ಇದನ್ನು ಉಬ್ಬಸವೆಂದು ತಿಳಿದು ಸ್ಟೀರಾಯ್ಡ್ ಕೊಟ್ಟರೆ ಪರಿಸ್ಥಿತಿ ಕೈಮೀರುತ್ತದೆ.

ಈ ರೋಗಿಗಳಿಗೆ ಮೊದಲು ಬೇಕಾದದ್ದು ದ್ರವ. ರಕ್ತದ ಪೊಟ್ಯಾಸಿಯಂ 3.3ಕ್ಕಿಂತ ಕಡಿಮೆಯಿದ್ದರೆ ಅದನ್ನು ಸರಿಪಡಿಸುವವರೆಗೆ ಇನ್ಸುಲಿನ್ ತಡೆಹಿಡಿಯಲಾಗುತ್ತದೆ, ಏಕೆಂದರೆ ಇನ್ಸುಲಿನ್ ಪೊಟ್ಯಾಸಿಯಂ ಅನ್ನು ಜೀವಕೋಶದೊಳಕ್ಕೆ ಎಳೆದು ಹೃದಯದ ಬಡಿತವನ್ನೇ ಕೆಡಿಸಬಲ್ಲದು. ಸಾಲ್ಬುಟಮಾಲ್ ಕೂಡ ಅದನ್ನೇ ಮಾಡುತ್ತದೆ ಎಂಬುದನ್ನು ಎರಡೂ ನಡೆಯುತ್ತಿರುವ ರೋಗಿಯಲ್ಲಿ ನೆನಪಿಡಬೇಕು. ಸಕ್ಕರೆಯನ್ನು ಗಂಟೆಗೊಮ್ಮೆ ನೋಡಿ, ಕುಡಿದದ್ದು, ಕೊಟ್ಟದ್ದು, ಹೊರಹೋದದ್ದನ್ನು ತಪ್ಪದೆ ಬರೆಯಿರಿ. ಸಕ್ಕರೆ 200ರ ಹತ್ತಿರ ಇಳಿದ ಕೂಡಲೇ ಇನ್ಸುಲಿನ್ ನಿಲ್ಲಿಸುವುದಿಲ್ಲ. ಡೆಕ್ಸ್‌ಟ್ರೋಸ್ ಸೇರಿಸಿ ಆಮ್ಲೀಯತೆ ಕಳೆಯುವವರೆಗೆ ಮುಂದುವರಿಸಲಾಗುತ್ತದೆ. ಇನ್ಸುಲಿನ್ ಡ್ರಿಪ್ ನಿಲ್ಲಿಸುವ ಒಂದೆರಡು ಗಂಟೆ ಮೊದಲೇ ಚರ್ಮದಡಿಯ ಇನ್ಸುಲಿನ್ ಕೊಟ್ಟಿರಬೇಕು.

ಜ್ವರ ಬಂದು ಊಟ ಸೇರದಿದ್ದಾಗ ಮನೆಯವರು ಇನ್ಸುಲಿನ್ ಪೂರ್ತಿ ಬಿಡಿಸುವುದೇ ಇದಕ್ಕೆ ದೊಡ್ಡ ಕಾರಣ. ಉಪವಾಸದ ದಿನಗಳಲ್ಲಿಯೂ ಹಾಗೆಯೇ ಆಗುತ್ತದೆ. ಪ್ರಮಾಣವನ್ನು ವೈದ್ಯರನ್ನು ಕೇಳಿ ಬದಲಿಸಬೇಕೇ ಹೊರತು ತಾವಾಗಿಯೇ ನಿಲ್ಲಿಸಬಾರದು ಎಂದು ಮನೆಗೆ ಕಳುಹಿಸುವ ಮೊದಲು ತಿಳಿಸಿ.

ಇನ್ಸುಲಿನ್ ಸಿರಿಂಜ್‌ಗಳಲ್ಲಿ ಕೆಂಪು, ಕಿತ್ತಳೆ ಮುಚ್ಚಳಗಳೇಕೆ?

ನಮ್ಮಲ್ಲಿ ಬಳಕೆಯಲ್ಲಿರುವ ಬಾಟಲಿಗಳಲ್ಲಿ ಹೆಚ್ಚಿನವು ಮಿಲಿಲೀಟರಿಗೆ 40 ಯೂನಿಟ್‌ನವು, ಅವಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಕಿತ್ತಳೆ ಮುಚ್ಚಳದ್ದು 100 ಯೂನಿಟ್‌ನ ಇನ್ಸುಲಿನ್‌ಗೆ. 100 ಯೂನಿಟ್‌ನ ಇನ್ಸುಲಿನ್ ಇರುವ ಪೆನ್ನಿನ ಕಾರ್ಟ್ರಿಜ್‌ನಿಂದ ಕೆಂಪು ಮುಚ್ಚಳದ ಸಿರಿಂಜ್‌ಗೆ 20ರ ಗೆರೆಯವರೆಗೆ ಎಳೆದರೆ ಒಳಗೆ ಬರುವುದು 50 ಯೂನಿಟ್, ಅಂದರೆ ಎರಡೂವರೆ ಪಟ್ಟು. ಅಷ್ಟು ಸಾಕು ಪ್ರಾಣಾಪಾಯಕ್ಕೆ. ತಿರುಗಾಮುರುಗಾ ಆಗಿ 40 ಯೂನಿಟ್‌ನ ಬಾಟಲಿಗೆ ಕಿತ್ತಳೆ ಮುಚ್ಚಳದ ಸಿರಿಂಜ್ ಬಳಸಿದರೆ 20ರ ಗೆರೆಗೆ ಬರುವುದು 8 ಯೂನಿಟ್ ಮಾತ್ರ, ಸಕ್ಕರೆ ಏಕೆ ಇಳಿಯುತ್ತಿಲ್ಲವೆಂದು ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ. ಬಾಟಲಿಯ ಮೇಲಿನ ಅಂಕಿಯನ್ನೂ ಸಿರಿಂಜ್‌ನ ಮೇಲಿನ ಅಂಕಿಯನ್ನೂ ಪ್ರತಿ ಸಲ ಜೋರಾಗಿ ಓದಿ, ಮತ್ತೊಬ್ಬರಿಗೆ ತೋರಿಸಿ ಕೊಡುವುದು ಒಳ್ಳೆಯ ಪದ್ಧತಿ.

ಒಂದೇ ಜಾಗಕ್ಕೆ ಚುಚ್ಚುತ್ತಿದ್ದರೆ ಗಂಟು ಕಟ್ಟಿ ಇನ್ಸುಲಿನ್ ಹೀರಿಕೆ ಏರುಪೇರಾಗುತ್ತದೆ, ಆದ್ದರಿಂದ ಹೊಟ್ಟೆಯ ಚರ್ಮವನ್ನು ಬೆರಳಿನಿಂದ ಮುಟ್ಟಿ ನೋಡಿ. ತೆರೆಯದ ಬಾಟಲಿ 2ರಿಂದ 8 ಡಿಗ್ರಿಯಲ್ಲಿರಬೇಕು, ಫ್ರೀಜರ್‌ನಲ್ಲಿ ಹೆಪ್ಪುಗಟ್ಟಿದ್ದನ್ನು ಎಸೆಯಬೇಕು. ಬಳಸುತ್ತಿರುವ ಬಾಟಲಿಯನ್ನು ಬಿಸಿಲು ತಾಗದ ತಂಪಾದ ಜಾಗದಲ್ಲಿ ನಾಲ್ಕು ವಾರದವರೆಗೆ ಇಡಬಹುದು. ಫ್ರಿಜ್ ಇಲ್ಲದ ಲೈನ್ ಮನೆಗಳಲ್ಲಿ (ತೋಟದ ಕಾರ್ಮಿಕರ ಸಾಲು ಮನೆಗಳು) ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಮಡಕೆ ಸಾಕು.

ಥೈರಾಯ್ಡ್ ಮಾತ್ರೆಯನ್ನು ಬೆಳಗಿನ ಕಾಫಿಯ ಜೊತೆ ನುಂಗಬಹುದೇ?

ಬೇಡ. ಥೈರಾಕ್ಸಿನ್ ಅನ್ನು ಖಾಲಿ ಹೊಟ್ಟೆಯಲ್ಲಿ ಬರಿಯ ನೀರಿನಿಂದ ನುಂಗಿ, ಅರ್ಧದಿಂದ ಒಂದು ಗಂಟೆ ಬಿಟ್ಟು ಕಾಫಿ ಕುಡಿಯಬೇಕು. ಕಾಫಿ ಅದರ ಹೀರಿಕೆಯನ್ನು ಕುಗ್ಗಿಸುತ್ತದೆ. ಚಿಕ್ಕಮಗಳೂರಿನ ಮನೆಗಳಲ್ಲಿ ಎದ್ದ ಕೂಡಲೇ ಕಾಫಿ ಬೇಕೆನ್ನುವುದು ತಿಳಿದದ್ದೇ. ಮಾತ್ರೆಯನ್ನು ಹಾಸಿಗೆಯ ಬಳಿಯೇ ನೀರಿನೊಡನೆ ಇಟ್ಟುಕೊಳ್ಳಲು ಹೇಳಿದರೆ ಪಾಲಿಸುವುದು ಸುಲಭ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೆ ನಾಲ್ಕು ಗಂಟೆಯ ಅಂತರವಿರಬೇಕು.

ಥೈರಾಯ್ಡ್ ತೀರಾ ಕುಂದಿದವರಲ್ಲಿ ಉಸಿರಾಟವೂ ನಿಧಾನವಾಗಿ, ಮೈ ತಣ್ಣಗಾಗಿ, ಮಂಪರು ಕವಿಯುತ್ತದೆ. ಇವರಿಗೆ ನಿದ್ರೆ ಮಾತ್ರೆ ಅಪಾಯಕಾರಿ.

ಥೈರಾಯ್ಡ್ ಶಸ್ತ್ರಚಿಕಿತ್ಸೆಯಾಗಿ ಬಂದವರಲ್ಲಿ ಏನನ್ನು ಕಾಯಬೇಕು?

ಮೊದಲ ದಿನ ಶ್ವಾಸಮಾರ್ಗವನ್ನು. ಗಾಯದೊಳಗೆ ರಕ್ತ ಕಟ್ಟಿಕೊಂಡರೆ ಶ್ವಾಸನಾಳ ಒತ್ತಿ ನಿಮಿಷಗಳಲ್ಲಿ ಉಸಿರು ನಿಲ್ಲಬಹುದು. ಬ್ಯಾಂಡೇಜ್ ಮುಂದೆ ಒಣಗಿದ್ದರೂ ರಕ್ತ ಕುತ್ತಿಗೆಯ ಹಿಂದಕ್ಕೆ ಹರಿದಿರುತ್ತದೆ, ಕೈ ಹಿಂದೆ ಹಾಕಿ ನೋಡಿ. ಕುತ್ತಿಗೆ ಬಿಗಿದಂತಾಗಿದೆ ಎಂದರೆ, ಉಸಿರೆಳೆಯುವಾಗ ಕೀರಲು ಸದ್ದು ಬಂದರೆ, ಕಾಯದೆ ಕೂಗಿ ಕರೆಯಿರಿ. ಹೊಲಿಗೆ ಬಿಚ್ಚುವ ಕಿಟ್ ಮತ್ತು ಟ್ರಾಕಿಯಾಸ್ಟಮಿ ಸೆಟ್ (ಕುತ್ತಿಗೆಯಲ್ಲಿ ಶ್ವಾಸನಾಳಕ್ಕೆ ದಾರಿ ಮಾಡುವ ಸಲಕರಣೆ) ಹಾಸಿಗೆಯ ಬಳಿಯೇ ಇರಬೇಕು, ಬೀರುವಿನಲ್ಲಿ ಬೀಗ ಹಾಕಿದ ಸೆಟ್ ಇದ್ದೂ ಇಲ್ಲದಂತೆ. ಆಗಾಗ ಮಾತನಾಡಿಸಿ ದನಿ ಒಡೆದಿದೆಯೇ ಎಂದು ಕೇಳಿಸಿಕೊಳ್ಳಿ. ಮೊದಲ ಎರಡು ಮೂರು ದಿನಗಳಲ್ಲಿ ಬಾಯಿಯ ಸುತ್ತ ಜುಮುಗುಡುವಿಕೆ, ಕೈಬೆರಳು ಸೆಟೆಯುವುದು ಕಂಡರೆ ಕ್ಯಾಲ್ಸಿಯಂ ಇಳಿದಿದೆ. ಬಿ.ಪಿ. ನೋಡಲು ಪಟ್ಟಿ ಬಿಗಿದಾಗ ಕೈ ಮಡಚಿಕೊಂಡರೂ ಅದೇ ಸೂಚನೆ. ಕ್ಯಾಲ್ಸಿಯಂ ಗ್ಲುಕೋನೇಟ್ ಅನ್ನು ನಿಧಾನವಾಗಿ, ಹೃದಯಬಡಿತ ನೋಡುತ್ತ ಕೊಡಬೇಕು.

ಎರಡು ವಾರ ಮೀರಿದ ಕೆಮ್ಮಿದ್ದರೆ?

ಕಫ ಪರೀಕ್ಷೆ ಮಾಡಿಸಲೇಬೇಕು, ಸರ್ಕಾರಿ ಆಸ್ಪತ್ರೆಗಳಲ್ಲಿ ಅದೂ ಕ್ಷಯದ ಔಷಧವೂ ಉಚಿತ. ಕ್ಷಯವಿರುವ ಪ್ರತಿಯೊಬ್ಬರ ಸಕ್ಕರೆಯನ್ನು ನೋಡಬೇಕು, ಸಕ್ಕರೆ ಕಾಯಿಲೆಯವರ ಕೆಮ್ಮನ್ನು ಕ್ಷಯದ ದೃಷ್ಟಿಯಿಂದ ವಿಚಾರಿಸಬೇಕು. ಕ್ಷಯದ ಔಷಧ ರಿಫಾಂಪಿಸಿನ್ ಹಲವು ಶುಗರ್ ಮಾತ್ರೆಗಳ ಬಲವನ್ನು ಕುಗ್ಗಿಸುವುದರಿಂದ ಚಿಕಿತ್ಸೆ ಆರಂಭವಾದ ಮೇಲೆ ಸಕ್ಕರೆ ಏರುವುದು ಅನಿರೀಕ್ಷಿತವಲ್ಲ.

ಮುದ್ದೆ ಉಂಡರೆ ಶುಗರ್ ಬರುವುದಿಲ್ಲವೇ?

ರಾಗಿಯಲ್ಲಿ ನಾರೂ ಕ್ಯಾಲ್ಸಿಯಂ ಕೂಡ ಹೆಚ್ಚು, ಆದರೆ ಅದೂ ಪಿಷ್ಟವೇ. ದೊಡ್ಡ ಎರಡು ಮುದ್ದೆಯ ಬದಲು ಸಣ್ಣದೊಂದು ಮುದ್ದೆಗೆ ಸೊಪ್ಪಿನ ಸಾರು, ಕಾಳು ಹೆಚ್ಚಾಗಿರಲಿ. ದಮ್ಮಿನವರು ಹೊಟ್ಟೆ ಬಿರಿಯೆ ಉಂಡರೆ ಉಸಿರಾಟ ಇನ್ನೂ ಕಷ್ಟವಾಗುವುದರಿಂದ ಅವರಿಗೆ ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಉಣಿಸುವುದು ಮೇಲು.

ತೋಟದ ಕೆಲಸ ಮಾಡುವ ಸಕ್ಕರೆ ಕಾಯಿಲೆಯವರ ಕಾಲಿನ ಆರೈಕೆ ಹೇಗೆ?

ಮಳೆಗಾಲದಲ್ಲಿ ಜಿಗಣೆ ಕಚ್ಚಿದ್ದು ಸ್ಪರ್ಶ ಕುಂದಿದ ಪಾದಕ್ಕೆ ತಿಳಿಯುವುದಿಲ್ಲ. ಒದ್ದೆ ಗಮ್‌ಬೂಟಿನೊಳಗೆ ಇಡೀ ದಿನ ನೆನೆದ ಬೆರಳ ಸಂದಿಯಲ್ಲಿ ಚರ್ಮ ಬಿರಿದು ಸೋಂಕು ಒಳಹೊಗುತ್ತದೆ. ಸಂಜೆ ಕಾಲು ತೊಳೆದು, ಬೆರಳ ಸಂದಿಗಳನ್ನು ಒಣಗಿಸಿ, ಅಂಗಾಲನ್ನು ಕನ್ನಡಿಯಲ್ಲಿಯಾದರೂ ಮನೆಯವರಿಂದಲಾದರೂ ನೋಡಿಸಿಕೊಳ್ಳಬೇಕು. ಚಳಿಯೆಂದು ಒಲೆಯ ಮುಂದೆ ಪಾದ ಕಾಯಿಸಿಕೊಂಡು ಸುಟ್ಟುಕೊಂಡವರು ಬಹಳ. ಜಿಗಣೆಯನ್ನು ಕಿತ್ತೆಳೆಯದೆ ಉಗುರಿನಿಂದ ಮೆಲ್ಲಗೆ ಬದಿಗೆ ಜಾರಿಸಿ ಬಿಡಿಸಿ, ಸೋಪಿನಿಂದ ತೊಳೆದು, ಒತ್ತಿ ಹಿಡಿಯಲು ತಿಳಿಸಿ.

ಮನೆಯಲ್ಲಿ ಆಕ್ಸಿಜನ್ ಇದ್ದವರಿಗೆ ಕರೆಂಟು ಹೋದರೆ? ರೋಗಿಯನ್ನು ದೂರದ ಆಸ್ಪತ್ರೆಗೆ ಕಳುಹಿಸುವಾಗ ಸಿಲಿಂಡರ್ ಎಷ್ಟು ಹೊತ್ತು ಬರುತ್ತದೆ?

ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸಿ ಕೊಡುವ ಕಾನ್ಸಂಟ್ರೇಟರ್ ಕರೆಂಟನ್ನೇ ನಂಬಿದ ಯಂತ್ರ. ಗಾಳಿಮಳೆಗೆ ಮರ ಬಿದ್ದು ದಿನಗಟ್ಟಲೆ ಕರೆಂಟಿಲ್ಲದ ಊರುಗಳಲ್ಲಿ ತುಂಬಿದ ಸಿಲಿಂಡರ್ ಒಂದು ಜೊತೆಗಿರಲೇಬೇಕು. ಅದಿರುವ ಕೋಣೆಯಲ್ಲಿ ದೀಪ, ಊದುಬತ್ತಿ, ಬೀಡಿ ಯಾವುದೂ ಕೂಡದು, ಕವಾಟಕ್ಕೆ ಎಣ್ಣೆ ಸವರಬಾರದು.

ಬಿ ಮಾದರಿಯ ಸಿಲಿಂಡರ್‌ನಲ್ಲಿ ತುಂಬಿದಾಗ ಸುಮಾರು 1500 ಲೀಟರ್ ಆಕ್ಸಿಜನ್ ಇರುತ್ತದೆ. ನಿಮಿಷಕ್ಕೆ 2 ಲೀಟರ್ ಹರಿಸಿದರೆ ಹನ್ನೆರಡು ಗಂಟೆ ಬಂದೀತು, 6 ಲೀಟರ್ ಆದರೆ ನಾಲ್ಕು ಗಂಟೆ, 10 ಲೀಟರ್ ಆದರೆ ಎರಡೂವರೆ ಗಂಟೆ ಮಾತ್ರ. ಹಾಸನದಿಂದ ಮಂಗಳೂರಿಗೆ ಶಿರಾಡಿ ಘಾಟಿಯಲ್ಲಿ, ಮೂಡಿಗೆರೆಯಿಂದ ಚಾರ್ಮಾಡಿಯಲ್ಲಿ ಇಳಿಯುವವರು ಮಳೆಗಾಲದಲ್ಲಿ ಗುಡ್ಡ ಕುಸಿದು ನಡುದಾರಿಯಲ್ಲಿ ನಿಲ್ಲಬೇಕಾಗಿ ಬರಬಹುದು. ಪ್ರಯಾಣಕ್ಕೆ ಬೇಕಾದ ಹೊತ್ತಿನ ಎರಡು ಪಟ್ಟು ಲೆಕ್ಕ ಹಾಕಿ, ಗೇಜ್ ನೋಡಿ, ನಂತರವೇ 108 ವಾಹನ ಹೊರಡಿಸಿ. ರೆಫರಲ್ ಚೀಟಿಯಲ್ಲಿ ಆಕ್ಸಿಜನ್ ಎಷ್ಟು ಲೀಟರ್ ಹರಿಯುತ್ತಿತ್ತು, ಗುರಿ ಶೇ 88–92 ಆಗಿತ್ತೇ, ಕೊನೆಯ ಸಕ್ಕರೆಯ ಅಂಕಿ ಎಷ್ಟು, ಯಾವ ಇನ್ಸುಲಿನ್ ಎಷ್ಟು ಗಂಟೆಗೆ ಕೊಟ್ಟದ್ದು, ಸ್ಟೀರಾಯ್ಡ್ ಎಂದಿನಿಂದ ನಡೆಯುತ್ತಿದೆ ಎಂಬುದನ್ನು ಬರೆದು, ಜೊತೆಗೆ ಹೋಗುವ ಮನೆಯವರಿಗೂ ಓದಿ ಹೇಳಿ. ಇನ್ಸುಲಿನ್ ಕೊಟ್ಟು ಊಟವಿಲ್ಲದೆ ಹೊರಟವರ ಜೊತೆ ಗ್ಲೂಕೋಸ್ ಪುಡಿಯ ಪೊಟ್ಟಣ ಮತ್ತು ಗ್ಲುಕೋಮೀಟರ್ ಇರಲಿ.